ನೀಹಾರಿಕೆ: ಮುಸುಕೂ ಹೌದು, ಬೆಳಕೂ ಹೌದು

ಹೆಣ್ಣುಮಕ್ಕಳ ಹೆಸರಾಗಿಯೂ ಖಗೋಳಶಾಸ್ತ್ರದ ಪರಿಭಾಷೆಯಾಗಿಯೂ ಸಲೀಸಾಗಿ ಬಳಕೆಯಲ್ಲಿರುವ ಪದ ‘ನೀಹಾರಿಕೆ’. ಮೂಲ ಸಂಸ್ಕೃತದ ‘ನೀಹಾರ’. ಅರ್ಥ ಮಂಜು, ಕಾವಳ. ಅಮರಕೋಶ ಇದನ್ನು ತುಷಾರ, ತುಹಿನ, ಹಿಮಗಳ ಸಾಲಿನಲ್ಲಿ ಕೂರಿಸಿದೆ. ಅದಕ್ಕೂ ಬಹಳ ಹಿಂದೆ, ಋಗ್ವೇದದ ಹತ್ತನೆಯ ಮಂಡಲದ ವಿಶ್ವಕರ್ಮ ಸೂಕ್ತದಲ್ಲಿ, ಸೃಷ್ಟಿಕರ್ತನನ್ನು ಅರಿಯದವರಿಗೆ ಕವಿದ ಮುಸುಕಾಗಿ ನೀಹಾರ ಬರುತ್ತದೆ. ಶ್ವೇತಾಶ್ವತರ ಉಪನಿಷತ್ತಿನಲ್ಲಾದರೋ, ಬ್ರಹ್ಮದರ್ಶನಕ್ಕೆ ಮುನ್ನ ಯೋಗಿಗೆ ತೋರುವ ರೂಪಗಳ ಪಟ್ಟಿ ಶುರುವಾಗುವುದೇ ನೀಹಾರದಿಂದ. ಮರೆಮಾಡುವುದೂ ಇದೇ, ಮೊದಲು ಕಾಣಿಸಿಕೊಳ್ಳುವುದೂ ಇದೇ.

ಖಗೋಳಶಾಸ್ತ್ರದಲ್ಲಿ ನೀಹಾರಿಕೆಗೆ ಸಮನಾದ ಲ್ಯಾಟಿನ್ನಿನ ‘ನೆಬ್ಯುಲಾ’ ಪದಕ್ಕೂ ಮಂಜು, ಮೋಡ ಎಂದೇ ಅರ್ಥ. ಅದರ ನಿಜವಾದ ದಾಯಾದಿ ನಮ್ಮ ‘ನಭ’. ಸಂಸ್ಕೃತದ ‘ನಭಸ್’ ಮೊದಲು ಮಂಜು, ಮೋಡವಾಗಿದ್ದು ಆಮೇಲೆ ಆಕಾಶವಾಯಿತು. ಇಡೀ ಬಾನಿಗೇ ಹೆಸರಾದ ಮೇಲೆ, ಬಾನಿನೊಳಗಿನ ಒಂದು ಮಸುಕಿಗೆ ಅದನ್ನು ಬಳಸುವಂತಿರಲಿಲ್ಲ. ಆ ಜಾಗ ನೀಹಾರಿಕೆಯ ಪಾಲಾಯಿತು.

ದೂರದರ್ಶಕದ ಆರಂಭಕಾಲದಲ್ಲಿ ಮಸುಕಾಗಿ ಕಂಡದ್ದೆಲ್ಲ ನೆಬ್ಯುಲಾವೇ. ಧೂಮಕೇತು ಹುಡುಕುತ್ತಿದ್ದ ಚಾರ್ಲ್ಸ್ ಮೆಸಿಯೆ, ಇವು ಧೂಮಕೇತುಗಳಲ್ಲ ಎಂದು ಗುರುತಿಟ್ಟುಕೊಳ್ಳಲು ಮಾಡಿದ ಪಟ್ಟಿ 1781ರ ಹೊತ್ತಿಗೆ ನೂರು ದಾಟಿತ್ತು. ಅದರಲ್ಲಿ ನಕ್ಷತ್ರಗುಚ್ಛಗಳಿದ್ದವು, ಗೆಲಾಕ್ಸಿಗಳಿದ್ದವು, ನಿಜವಾದ ಅನಿಲಮೋಡಗಳೂ ಇದ್ದವು. 1864ರಲ್ಲಿ ಖಗೋಳಜ್ಞ ವಿಲಿಯಂ ಹಗಿನ್ಸ್ ಡ್ರೇಕೋ ನಕ್ಷತ್ರಪುಂಜದ ಒಂದು ನೀಹಾರಿಕೆಯ ಬೆಳಕನ್ನು ರೋಹಿತದರ್ಶಕಕ್ಕೆ ಹಾಯಿಸಿದಾಗ ಕಾಮನಬಿಲ್ಲಿನ ಪಟ್ಟಿಯ ಬದಲು ಕಂಡದ್ದು ಕೆಲವೇ ಹೊಳೆವ ಗೆರೆಗಳು. ಅದು ನಕ್ಷತ್ರಗಳ ಗುಂಪಲ್ಲ, ಅನಿಲ! ಯಾವ ಧಾತುವಿಗೂ ಹೊಂದದ ಹಸಿರು ಗೆರೆಗಳಿಗೆ ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಕಲ್ಪಿಸಲಾಯಿತು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್ನೇ ಅವುಗಳ ಮೂಲ ಎಂದು 1927ರಲ್ಲಿ ಭೌತವಿಜ್ಞಾನಿ ಐರಾ ಬೋವೆನ್ ತೋರಿಸಿದಾಗ ನೆಬ್ಯುಲಿಯಂ ಕೋಶದಿಂದ ಬಿದ್ದುಹೋಯಿತು. ಅದೇ ದಶಕದಲ್ಲಿ ಎಡ್ವಿನ್ ಹಬಲ್, ಅಲ್ಲಿಯವರೆಗೆ ನೀಹಾರಿಕೆ ಎನಿಸಿಕೊಂಡಿದ್ದ ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಆಚೆಗಿನ ಬೇರೆಯೇ ಗೆಲಾಕ್ಸಿ ಎಂದು ಸಾಬೀತುಮಾಡಿದ. ಪದದ ಹರವು ಕುಗ್ಗಿತು, ಅರ್ಥ ಗಟ್ಟಿಯಾಯಿತು.

ಹಗಿನ್ಸ್ ಕಂಡಂಥ ಗೆರೆಗಳನ್ನೇ ಇಂದು ಹವ್ಯಾಸಿ ಖಗೋಳ ಛಾಯಾಗ್ರಾಹಕರು ತಾರಸಿಯ ಮೇಲೆ ಹಿಡಿಯುತ್ತಿದ್ದಾರೆ. ಸಾಧನ: ನ್ಯಾರೋಬ್ಯಾಂಡ್ ಫಿಲ್ಟರು. ಹೈಡ್ರೋಜನ್ನಿನ ಎಚ್-ಆಲ್ಫಾ ಗೆರೆ 656.3 ನ್ಯಾನೋಮೀಟರಿನಲ್ಲಿ, ಆಕ್ಸಿಜನ್ನಿನ ‘ಓ-ತ್ರೀ’ 500.7ರಲ್ಲಿ, ಗಂಧಕದ ‘ಎಸ್-ಟೂ’ ಜೋಡಿಗೆರೆ 672ರ ಆಸುಪಾಸಿನಲ್ಲಿ. ಫಿಲ್ಟರು ಗೆರೆಯ ಸುತ್ತ 3ರಿಂದ 7 ನ್ಯಾನೋಮೀಟರಿನಷ್ಟು ಕಿಂಡಿ ಬಿಟ್ಟು ಉಳಿದ ಬೆಳಕನ್ನು ಹೊರಗಟ್ಟುತ್ತದೆ. ಸೋಡಿಯಂ ಬೀದಿದೀಪದ 589ರ ಬೆಳಕಿಗೆ ಪ್ರವೇಶವೇ ಇಲ್ಲ. ಎಲ್‌ಇಡಿಯದೂ ಹುಣ್ಣಿಮೆಯದೂ ಅಲ್ಪ ಪಾಲಷ್ಟೇ ಒಳಬರುತ್ತದೆ. ಹಾಗಾಗಿಯೇ ಬೆಂಗಳೂರಿನಂಥ ಊರಿನ ನಡುವಿನಿಂದಲೂ ರೋಸೆಟ್ ನೀಹಾರಿಕೆಯನ್ನು ಸೆರೆಹಿಡಿಯಬಹುದು. ಐದು ನಿಮಿಷದ ಒಂದು ‘ಸಬ್’ (ಬಿಡಿ ಎಕ್ಸ್‌ಪೋಷರ್) ತೆರೆದು ನೋಡಿದರೆ ಕಪ್ಪು ಹಾಳೆಯ ಮೇಲೆ ಚುಕ್ಕಿಗಳು, ನಡುವೆ ಇದೆಯೋ ಇಲ್ಲವೋ ಎಂಬಂಥ ಉಂಗುರ. ಹತ್ತಾರು ಸಬ್‌ಗಳನ್ನು ಒಂದರ ಮೇಲೊಂದು ಪೇರಿಸಿ (‘ಸ್ಟ್ಯಾಕ್’), ಮಬ್ಬು ಭಾಗಗಳನ್ನು ಬೆಳಗಿಸಿದಾಗ (‘ಸ್ಟ್ರೆಚ್’) ಅದೇ ಉಂಗುರ ಎಸಳೆಸಳಾಗಿ ಬಿಡಿಸಿಕೊಳ್ಳುತ್ತದೆ. ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಕ್ಸಿಜನ್ನಿಗೆ ನೀಲಿ ಹಂಚಿದರೆ, ಹಬಲ್ ಬಾಹ್ಯಾಕಾಶ ದೂರದರ್ಶಕದ 1995ರ ‘ಸೃಷ್ಟಿಸ್ತಂಭ’ಗಳ ಚಿತ್ರದಿಂದ ಮನೆಮಾತಾದ ಹಬಲ್ ಪ್ಯಾಲೆಟ್ ಸಿದ್ಧ. ಇದು ಕಣ್ಣಿಗೆ ಕಾಣುವ ಬಣ್ಣವಲ್ಲ, ಧಾತುಗಳ ನಕ್ಷೆ. ಇಷ್ಟಾಗಿ ಫಿಲ್ಟರಿಗೂ ಬಗ್ಗದ ವೈರಿಯೆಂದರೆ ಲೆನ್ಸಿನ ಮೇಲೆ ಕೂರುವ ಇಬ್ಬನಿ, ಅಂದರೆ ಹಳೆಯ ನೀಹಾರವೇ. ಅದಕ್ಕೆ ಲೆನ್ಸನ್ನು ಬೆಚ್ಚಗಿಡುವ ಡ್ಯೂ ಹೀಟರ್ ಪಟ್ಟಿಯೇ ಮದ್ದು.

ಇಷ್ಟೆಲ್ಲ ಗೊತ್ತಾದ ಮೇಲೂ ‘ಮಂಜು’ ಎನ್ನುವ ಹೆಸರು ಸರಿಯೇ? ಮರಾಠಿಯವರು ‘ತೇಜೋಮೇಘ’ ಎನ್ನುತ್ತಾರೆ. ಹೊಳೆವ ಅನಿಲಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ಓರಿಯನ್ ನಕ್ಷತ್ರಪುಂಜದ ಕುದುರೆತಲೆ ನೀಹಾರಿಕೆಯನ್ನು ಎಚ್-ಆಲ್ಫಾದಲ್ಲಿ ತೆಗೆದ ಚಿತ್ರ ನೋಡಿ. ಹಿಂದೆ ಬೆಳಗುವ ಹೈಡ್ರೋಜನ್ ಪರದೆ, ಮುಂದೆ ಆ ಬೆಳಕನ್ನು ತಡೆದು ನಿಂತ ಕಪ್ಪು ಧೂಳು. ಖಗೋಳಶಾಸ್ತ್ರದಲ್ಲಿ ಎರಡೂ ನೆಬ್ಯುಲಾಗಳೇ. ತೇಜಸ್ಸಿಲ್ಲದ ಕುದುರೆತಲೆ ತೇಜೋಮೇಘವಾಗಲಾರದು. ಮರೆಮಾಡುವುದನ್ನೂ ಬೆಳಗುವುದನ್ನೂ ಒಂದೇ ಹೆಸರಿನಲ್ಲಿ ಹಿಡಿಯುವ ನೀಹಾರಿಕೆಗಿಂತ ಸಮರ್ಪಕವಾದ ಪದ ಕನ್ನಡಕ್ಕೆ ಬೇಕಿಲ್ಲ.