ಡಬ್ಬಿಯ ಚೀಟಿ, ಯಂತ್ರದ ಜಾಣ್ಮೆ

ಅಡುಗೆಮನೆಯ ಸಾಲು ಡಬ್ಬಿಗಳಲ್ಲಿ ಉಪ್ಪು ಯಾವುದು, ಸಕ್ಕರೆ ಯಾವುದು ಎಂಬುದು ಮನೆಯವರಿಗೆ ಗೊತ್ತು. ಹೊಸಬರು ಕೈಯಿಟ್ಟರೆ ಪಾಯಸ ಕೆಟ್ಟೀತು. ಗಣಕಯಂತ್ರದ ಭಾಷೆಯೊಂದು ಇದೇ ತೊಡಕನ್ನು ಬಿಡಿಸಿಕೊಂಡ ಬಗೆಯನ್ನು ತಾವು ಕೇಳಬೇಕು.

ಅಮೆರಿಕದ ಎಂ.ಐ.ಟಿ.ಯಲ್ಲಿ ಜಾನ್ ಮೆಕಾರ್ಥಿಯವರು 1958ರಲ್ಲಿ ಲಿಸ್ಪ್ ಭಾಷೆಯ ಕೆಲಸಕ್ಕೆ ತೊಡಗಿದರು. ಐ.ಬಿ.ಎಂ. 704 ಯಂತ್ರದ ನೆನಪಿನಲ್ಲಿ 36 ಬಿಟ್‌ಗಳ ಮನೆಗಳು. ಒಂದೊಂದು ಮನೆಯಲ್ಲಿ ಎರಡೆರಡು ವಿಳಾಸಗಳನ್ನಿಟ್ಟು, ಕೊಂಡಿಗೆ ಕೊಂಡಿ ಸೇರಿಸಿ ಪಟ್ಟಿ ಹೆಣೆದರು. ಆದರೆ ಎರಡು ಸಂಖ್ಯೆಗಳ ಪಟ್ಟಿ ಭೂಪಟದ ಬಿಂದುವೋ, ರೂಪಾಯಿ-ಪೈಸೆಯೋ? ಯಂತ್ರವೇನು ಬಲ್ಲದು? ಬಿಂದುವೆಂದು ಹಣವನ್ನು ಕೊಟ್ಟರೂ ಸುಮ್ಮನೆ ಲೆಕ್ಕ ಹಾಕುತ್ತಿತ್ತು.

ಲಿಸ್ಪಿನ ಹಲವು ಉಪಭಾಷೆಗಳು ಇದಕ್ಕೆ ಉಪಾಯ ಹುಡುಕಿದವು. 1975ರಲ್ಲಿ ಹುಟ್ಟಿದ ಸ್ಕೀಮ್ ಎಂಬ ಉಪಭಾಷೆಗೆ 1999ರಲ್ಲಿ ರಿಚರ್ಡ್ ಕೆಲ್ಸೆಯವರು 'ರೆಕಾರ್ಡ್' ಬಗೆಯೊಂದನ್ನು ಸೂಚಿಸಿದರು. 2013ರ ಸ್ಕೀಮ್ ವರದಿ ಅದನ್ನು ಅಂಗೀಕರಿಸಿತು.

ಸಾಮಾನ್ಯವಾಗಿ ಇದರ ಒಳಗುಟ್ಟು ಹೀಗೆ: ರೆಕಾರ್ಡೆಂದರೆ ಸಾಲಾಗಿ ಕೆಲವು ಮನೆಗಳು. ಮೊದಲ ಮನೆಯಲ್ಲಿ ಸರಕಿಲ್ಲ. ಆ ಬಗೆಯ ವಿವರವೆಲ್ಲಿದೆ ಎಂಬ ವಿಳಾಸವುಂಟು. ಅದೇ ಡಬ್ಬಿಯ ಚೀಟಿ. ಉಳಿದ ಮನೆಗಳಲ್ಲಿ ಸರಕು. 'ಬಿಂದುವಿನ ಅಡ್ಡಳತೆ ಕೊಡು' ಎಂದೊಡನೆ ಯಂತ್ರ ಮೊದಲು ಚೀಟಿಯನ್ನು ನೋಡುತ್ತದೆ. ಸರಿಯಿದ್ದರೆ ಗೊತ್ತಾದ ಮನೆಯಿಂದ ತೆಗೆದು ಕೊಡುತ್ತದೆ, ಇಲ್ಲವಾದರೆ ತಪ್ಪೆಂದು ನಿಂತುಬಿಡುತ್ತದೆ. ಒಂದೇ ಹೆಸರಿನ ಎರಡು ಬಗೆಗಳೂ ಬೆರೆಯಲಾರವು. ಹೋಲಿಸುವುದು ಹೆಸರನ್ನಲ್ಲ, ವಿಳಾಸವನ್ನು.

ಡಬ್ಬಿಗೊಂದು ಮನೆ ಹೆಚ್ಚಾಗಿ ತಗಲಿತು, ನಿಜ. ಆದರೆ ಪಾಯಸ ಉಳಿಯಿತಲ್ಲವೆ?