ಬೆಳಕು ಬಿಟ್ಟು ಬಿಸಿ ತಡೆಯುವ ಲೇಪ

ಘಟಪ್ರಭೆಯ ದಂಡೆಯ ಅನಗವಾಡಿಯ ಕಡೆ ಹಳೆಯ ಮಾಳಿಗೆ ಮನೆಗಳಿಗೆ ಪುಟ್ಟ ಬೆಳಕಿಂಡಿಗಳು. ಕಿಂಡಿ ದೊಡ್ಡದಾದರೆ ಬಿಸಿಲಿನ ಝಳವೂ ಒಳಬರುತ್ತದೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದು. ಅವನ್ನಷ್ಟೇ ತಡೆಯುವ ಗಾಜು ಸಾಧ್ಯವೇ?

ಇದರ ಬೀಜ 1907ರದು. ಜರ್ಮನಿಯ ಕಾರ್ಲ್ ಬೇಡೆಕರ್ ಕ್ಯಾಡ್ಮಿಯಂನ ತೆಳುಪದರವನ್ನು ಆಕ್ಸೈಡ್ ಆಗಿಸಿದಾಗ ಅದು ಪಾರದರ್ಶಕವಾಯಿತು. ಆದರೂ ವಿದ್ಯುತ್ತನ್ನು ಹರಿಯಗೊಟ್ಟಿತು. 1914ರ ಯುದ್ಧದಲ್ಲಿ ಮಡಿದ ಅವರು ಇದರ ಬಳಕೆಯನ್ನು ಕಾಣಲೇ ಇಲ್ಲ. ಇಂಥ ಆಕ್ಸೈಡುಗಳಲ್ಲಿ ಮುಕ್ತ ಎಲೆಕ್ಟ್ರಾನುಗಳು ಲೋಹಕ್ಕಿಂತ ವಿರಳ. ಬೆಳಕಿನ ವೇಗದ ಕಂಪನಕ್ಕೆ ಅವು ಓಗೊಡಲಾರವು. ನಿಧಾನ ಕಂಪನದ ಅವಕೆಂಪಿಗೆ ಅಡ್ಡ ನಿಲ್ಲುತ್ತವೆ.

ತವರ ಬೆರೆತ ಇಂಡಿಯಂ ಆಕ್ಸೈಡ್ ಇದೇ ಗುಣದ್ದು, ಆದರೆ ದುಬಾರಿ. 2007ರಲ್ಲಿ ಜಪಾನಿನ ತಾಕೆಡಾ ಮತ್ತು ಅದಾಚಿ, ಸೀಸಿಯಂ ಸೇರಿದ ಟಂಗ್‌ಸ್ಟನ್ ಆಕ್ಸೈಡಿನ ನ್ಯಾನೊಕಣಗಳು ಅವಕೆಂಪನ್ನು ಬಲವಾಗಿ ಹೀರುವುದನ್ನು ವರದಿ ಮಾಡಿದರು. ಹೀರಿದ ಗಾಜು ತಾನೇ ಕಾಯುತ್ತದೆ. ಆ ಬಿಸಿಯ ಒಂದು ಪಾಲು ಮನೆಯೊಳಕ್ಕೇ ಇಳಿಯುತ್ತದೆ.