ತೆಂಗಿನಕಾಯಿಗೆ ಗುಂಡು

ಕಿಬ್ಬನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿ ಅಟ್ಟ ಸೇರಿ, ಒಳಗಿನ ನೀರು ಬತ್ತಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಹರಾಜು ಕಾಣಲು ಹೆಚ್ಚುಕಡಿಮೆ ವರ್ಷವೇ ಹಿಡಿಯುತ್ತದೆ. ಕೊಡಗಿನಲ್ಲಿ ಅದೇ ಕಾಯಿಯ ಗತಿ ಕ್ಷಣದಲ್ಲಿ ತೀರ್ಮಾನವಾಗುತ್ತದೆ. ಕೈಲ್‌ಪೊಳ್ದ್ ಬಂತೆಂದರೆ ಅದನ್ನು ಎತ್ತರದ ಮರಕ್ಕೆ ಕಟ್ಟಿ ಗುಂಡು ಹೊಡೆಯುತ್ತಾರೆ.

ನಾಟಿ ಮುಗಿದು ಸೆಪ್ಟೆಂಬರ್ ಆರಂಭದಲ್ಲಿ ಬರುವ ಈ ಹಬ್ಬ ಕೊಡವರ ಆಯುಧಪೂಜೆ. ಕೋವಿ, ಒಡಿಕತ್ತಿಗಳನ್ನು ಒರೆಸಿಟ್ಟು ತೋಕ್‌ಪೂ ಎಂಬ ಹೂವಿನಿಂದ ಸಿಂಗರಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಎಂಬ ಸಂಪ್ರದಾಯವೂ ಇವರದೇ.

ಕಾಯಿ ಒಡೆಯಲು ಬಳಸುವ 12 ಬೋರ್ ತೋಟಾ ಕೋವಿಯ ಹಿಂಬದಿ ಭದ್ರವಾಗಿ ಮುಚ್ಚಿರುತ್ತದೆ. ಒದೆತವೆಲ್ಲ ನೇರ ಹೆಗಲಿಗೆ. ಎಲ್ಲ ಬಂದೂಕುಗಳೂ ಹೀಗಲ್ಲ. ಬ್ಲೋಬ್ಯಾಕ್ ಎಂಬ ಬಗೆಯ ಪಿಸ್ತೂಲಿನಲ್ಲಿ ಹಾಗೆ ಕಚ್ಚಿ ಹಿಡಿಯುವ ಬೀಗವೇ ಇಲ್ಲ. ಜಾನ್ ಬ್ರೌನಿಂಗ್ ರೂಪಿಸಿದ 1900ರ 7.65 ಮಿ.ಮೀ. ಪಿಸ್ತೂಲು ಈ ಜಾತಿಯದು. ಮದ್ದಿನ ಅನಿಲ ಗುಂಡನ್ನು ಮುಂದಕ್ಕೂ ತೋಟಾದ ಕೋಶವನ್ನು ಹಿಂದಕ್ಕೂ ತಳ್ಳುತ್ತದೆ. ಕೋಶವನ್ನು ತಡೆಯುವುದು ಸ್ಲೈಡ್ ಎಂಬ ಜಾರುವ ಭಾಗದ ತೂಕ, ಜೊತೆಗೊಂದು ಸ್ಪ್ರಿಂಗ್, ಅಷ್ಟೇ. ಹಗುರವಾದ ಗುಂಡು ನಳಿಕೆ ದಾಟಿ ಒತ್ತಡ ಇಳಿಯುವ ತನಕ ಭಾರದ ಸ್ಲೈಡ್ ಜರುಗುವುದು ತೀರ ಸ್ವಲ್ಪ. ಆಮೇಲೆ ಅದು ಹಿಂದೋಡಿ, ಖಾಲಿ ಕೋಶವನ್ನು ಹೊರಗೆಸೆದು, ವಾಪಸು ಬರುವಾಗ ಹೊಸ ತೋಟಾ ತುಂಬುತ್ತದೆ. ಯಂತ್ರ ಸರಳ, ಆದರೆ ಅದಕ್ಕೊಂದು ಮಿತಿ: ತೋಟಾ ಬಲವಾದಷ್ಟೂ ಸ್ಲೈಡ್ ಭಾರವಾಗಬೇಕು. ಹೀಗಾಗಿ ಪಾಯಿಂಟ್ 22, ಪಾಯಿಂಟ್ 32ರಂಥ ಸಾಧಾರಣ ತೋಟಾಗಳಿಗೇ ಇದು ಚೆನ್ನಾಗಿ ಒಗ್ಗುವುದು.

ಇಂಥ ಪಾಯಿಂಟ್ 32 ಪಿಸ್ತೂಲು ಹಿಡಿದವರು ಮೊದಲು ಗಮನಿಸುವುದು ಸ್ಲೈಡ್ ಎಳೆಯುವಾಗಿನ ಬಿಗಿ. ಹಾರಿಸಿದರೆ, ಪುಟ್ಟ ತೋಟಾಕ್ಕೆ ಇಷ್ಟು ಚುರುಕು ಒದೆತವೇ ಎನಿಸುತ್ತದೆ. ಹಿಂದೋಡಿದ ಸ್ಲೈಡ್ ಚೌಕಟ್ಟಿಗೆ ಬಡಿದ ಪೆಟ್ಟು ಅಂಗೈಗೆ ತಾಗುತ್ತದೆ. ಕೈ ತುಸು ಮೇಲೇರಿದ್ದರೆ ಹೆಬ್ಬೆರಳ ಸಂದಿನ ಚರ್ಮವನ್ನೂ ಗೀರೀತು.

ಬ್ರೌನಿಂಗನ ಪಿಸ್ತೂಲಿಗಿಂತ ಸುಮಾರು ನಾಲ್ಕು ದಶಕ ಮೊದಲೇ ಕೊಡಗಿನ ಕೋವಿಗೆ ಕಾನೂನಿನ ಆಸರೆ ಸಿಕ್ಕಿತ್ತು. 1857ರ ದಂಗೆಯ ಬೆನ್ನಿಗೆ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳುತ್ತಿದ್ದಾಗ, ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ವಿನಾಯಿತಿ ಕೊಟ್ಟ. ನಿಷ್ಠೆಗೆ ಸಂದ ಬಹುಮಾನವದು. ಆಳುವವರು ಇಂಥದ್ದನ್ನು ಬಿಟ್ಟಿ ಕೊಡುವುದಿಲ್ಲವಲ್ಲ! ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಈ ಸವಲತ್ತು ಇದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು ಷರತ್ತುಗಳೊಂದಿಗೆ 2029ರವರೆಗೆ ಮುಂದುವರಿಸಿತು. ಇವರಿಗೆ ಮಾತ್ರ ಏಕೆ ಎಂದು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು.